ಷರಾ

ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ
ಏಳನೆಯ ತರಗತಿಯ ಕೋಣೆಯಲ್ಲಿ ಸಭೆ.
ಕೋರಂಗೆ ಒಂಬತ್ತು ಬೇಕು, ಕೂತವರು ಏಳು.
ಆದೆಪ್ಪ ಬಾಗಿಲಲ್ಲೇ ನಿಂತು
ಎಮ್ಮೆಯ ಮೇಲೊಂದು ಕಣ್ಣಿಟ್ಟಿದ್ದ, ಅವನು ಎಂಟು.
ಒಂಬತ್ತನೆಯದು ನಾನೇ ಎಂದು ಎಣಿಸಿಕೊಂಡೆ:
ಪ್ರಭಾರ ಮುಖ್ಯಗುರು, ಭತ್ಯೆ ಇಲ್ಲ,
ಐದೂವರೆಗೆ ಮಾನ್ವಿಯ ಕೊನೆಯ ಬಸ್ಸು.

ಮೇಲಿನಿಂದ ಬಂದ ನಮೂನೆಯಲ್ಲಿ ಐದು ಕಲಂ:
ಕ್ರಮಸಂಖ್ಯೆ, ಕೊರತೆ, ಗುರಿ, ಮೊತ್ತ, ಷರಾ.
ಷರಾ ಎಲ್ಲಕ್ಕಿಂತ ಸಣ್ಣದು,
ಒಂದು ಬೆರಳು ಅಗಲ,
'ಇದೆ', 'ಇಲ್ಲ' ಹಿಡಿಸುವಷ್ಟು.

ಹೋದ ವರ್ಷದ ಯೋಜನೆ ಓದಿದೆ.
ಕಾಂಪೌಂಡು. ಗಣಿತಕ್ಕೆ ಶಿಕ್ಷಕರು. ನೀರಿನ ಸಿಂಟೆಕ್ಸು.
ಅದರ ಹಿಂದಿನ ವರ್ಷದ್ದೂ ಅದೇ,
ಅಕ್ಷರ ಮಾತ್ರ ಹಿಂದಿನ ಹೆಡ್ಮಾಸ್ತರರದು.
ಅವರಿಗೀಗ ಸಿರವಾರದಲ್ಲಿ ಜೆರಾಕ್ಸ್ ಅಂಗಡಿ.

'ಕಾಂಪೌಂಡು ಬರ್ಕೋರಿ' ಅಂದ ಅಧ್ಯಕ್ಷ ಬೂದೆಪ್ಪ,
'ಅದು ಇಲ್ಲಂದ್ರ ಯೋಜನಿ ಅನಸಂಗಿಲ್ಲ.'

ಅಲ್ಲಿತನಕ ಸುಮ್ಮನಿದ್ದ ಮಾಬಮ್ಮ
ಸೆರಗಿಗಂಟಿದ ಹತ್ತಿಯ ಎಳೆ ಬಿಡಿಸುತ್ತ
ತಲೆ ಎತ್ತದೆ ಕೇಳಿದಳು:
'ಗ್ವಾಡಿ ಕಟ್ಟಿ ಯಾರ್ನ ಒಳಗ ಇಡ್ತೀರಿ ಟೀಚರ್ರ?
ನಿಮ್ಮ ಏಳನೇತ್ತ ಈಗ ಎಣಿಸ್ರಿ ನೋಡೋಣು.'

ಎಣಿಸುವುದೇನಿದೆ.
ಹೆಸರು ಮೂವತ್ತನಾಲ್ಕು,
ದೀಪಾವಳಿ ಕಳೆದು ಹತ್ತಿ ಒಡೆದ ಮೇಲೆ
ಬೆಂಚಿನ ಮೇಲೆ ಹದಿನಾರು ತಲೆ,
ಮೆಣಸಿನಕಾಯಿ ಹಣ್ಣಾದರೆ ಇನ್ನೂ ಕಡಿಮೆ.
ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಮೂವತ್ತೊಂದು.
ಅಕ್ಕಿಯ ಲೆಕ್ಕ, ಮೊಟ್ಟೆಯ ಲೆಕ್ಕ,
ಕ್ಲಸ್ಟರಿನಿಂದ ಬರುವ ಫೋನು...
ಇಷ್ಟನ್ನೂ ಆ ಕೋಣೆಯಲ್ಲಿ ನಾನು ಹೇಳಲಿಲ್ಲ.
ಅವರಿಗೆ ಗೊತ್ತಿತ್ತು. ಅವರದೇ ಮಕ್ಕಳು.

ಹುಲಿಗೆಮ್ಮ ಅಂದಳು:
'ನಮ್ಮ ಸಾಬಮ್ಮ ದಿನಾ ಮೂವತ್ತು ಕೇಜಿ ಬಿಡಸ್ತಾಳ.
ಮೇಸ್ತ್ರಿ ತೂಕದಾಗ ಒಂದು ಕೇಜಿ ನುಂಗಿದ್ರ
ಅಲ್ಲೇ ನಿಂತು ರೊಕ್ಕದ ಲೆಕ್ಕ ಹೇಳ್ತಾಳ.
ನಿಮ್ಮ ಸಾಲ್ಯಾಗ ಗಣಿತದಾಗ ಅಕಿಗಿ ಏನು ಕೊಟ್ಟೀರಿ?'
ಸಿ ಎಂದು ಕೊಟ್ಟಿದ್ದೆ.
'ಗಾಡಿ ತಿರುಗಿ ಬರೂದು ಐದಕ್ಕ.
ಆರಕ್ಕ ಬಾಗಲಾ ತೆಗೀರಿ. ಬರದಿದ್ರ ನನ್ನ ಕೇಳ್ರಿ.'

ಆಮೇಲೆ ಮಾತು ಎಮ್ಮೆಗಳ ಹಾಗೆ,
ಒಂದು ಎದ್ದರೆ ಎಲ್ಲವೂ ಎದ್ದವು.
ದೀಪವಿಲ್ಲ, ಮೀಟರು ಕಿತ್ತು ಎರಡು ವರ್ಷ.
'ನಮ್ಮ ಮನಿಯಿಂದ ವಯರ್ ಎಳೀತೀನಿ' ಬಾಗಿಲಿನಿಂದ ಆದೆಪ್ಪ.
ಗಣಿತ ಯಾರು ಹೇಳೋರು?
ಗದ್ವಾಲದಿಂದ ಬಂದ ರಡ್ಡೆಮ್ಮನ ಸೊಸೆ ಬಿಎಸ್ಸಿ,
ಕನ್ನಡ ಇನ್ನೂ ತೊದಲು, ಲೆಕ್ಕ ಸ್ಪಷ್ಟ.
ರಡ್ಡೆಮ್ಮ ಬಹಳ ಹೊತ್ತು ಗೋಡೆಯ ನಕಾಶೆ ನೋಡಿದಳು,
'ಏಳರೊಳಗ ಕಳಸ್ರಿ. ರೊಟ್ಟಿ ಬಡೀಬೇಕು.'

'ಮುಂದಿನ ವರ್ಷದ ಗುರಿಯಲ್ಲಿ ಸೇರಿಸುತ್ತೇನೆ' ಎಂದೆ.
'ಮುಂದಿನ ವರ್ಷ ಯಾಕ?' ಮಾಬಮ್ಮ ನಕ್ಕಳು,
'ಸೋಮವಾರ ಅಂತ ಬರ್ಕೋರಿ.'
ಏಳುವಾಗ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ:
'ಹುಡುಗ್ಯಾರ ಪಾಯಖಾನಿ ಕೀಲಿ ಎಲ್ಲಿ ಅದ?
ಸಾಲಿಗಿ ಬಂದ್ರ ಸಂಜಿತನಕ ನೀರು ಕುಡಿಯಂಗಿಲ್ಲ ನನ್ನ ಮಗಳು.'
ಕೀಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು,
ಬಸ್ ಪಾಸಿನ ಜೊತೆ,
ದಿನವೂ ಮಾನ್ವಿಗೆ ಹೋಗಿ ಬರುತ್ತಿತ್ತು.

ಷರಾ ತುಂಬಿ ಮೊತ್ತದ ಕಲಮಿಗೆ ಹರಿಯಿತು,
ಹಾಳೆ ತಿರುವಿ ಹಿಂಬದಿಗೂ ಬರೆದೆ.
ಬಲ್ಬು ಒಂದು, ತೊಂಬತ್ತು ರೂಪಾಯಿ. ವಯರು, ಆದೆಪ್ಪ.
ಕೀಲಿಗೆ ಬಾಗಿಲ ಪಕ್ಕ ಒಂದು ಮೊಳೆ.
ಬೂದೆಪ್ಪನ ಒತ್ತಾಯಕ್ಕೆ ಕಾಂಪೌಂಡೂ ಇರಲಿ.
ಆರು ರುಜು, ಎರಡು ಹೆಬ್ಬೆಟ್ಟು.
ಬಸ್ಸು ಹೋಗಿತ್ತು.

ಸೋಮವಾರ ಬೆಳಿಗ್ಗೆ ಸಾಬಮ್ಮನ ಹೆಸರಿನ ಮುಂದೆ
ಮೊದಲ ಸಲ 'ಗೈ' ಬರೆದೆ, ಕೈ ನಡುಗಿತು.
ಸಂಜೆ ಆರಕ್ಕೆ ಅವಳು ಬಂದಳು,
ಕಾಯಿಸಿಪ್ಪೆ ಗೀರಿದ ಬೆರಳು, ತಲೆಯಲ್ಲಿ ಬಿಳಿ ನಾರು,
ಬಲ್ಬಿನ ಕೆಳಗೆ ಕೂತು ಕೇಳಿದಳು:
'ಟೀಚರ್, ಈಗ ಬಂದಿದ್ದು ಯಾವ ಪುಸ್ತಕದಾಗ ಬರೀತೀರಿ?'