ಆಸರೆ ಪಿನ್ನು

ಮಾಚೇನಹಳ್ಳಿಯ ನಮ್ಮ ಶೆಡ್ಡಿಗೆ ಬಂದವರೆಲ್ಲ
ಮೊದಲು ಹೋಗಿ ನಿಲ್ಲುವುದು ಅದರೆದುರು:
ಗಾಜಿನೊಳಗೆ ತಲೆ ಕೊಡವುತ್ತ
ಗಂಟೆಗೆ ಮೂವತ್ತು ಸಾವಿರ ಕಾಳು ಹೆಕ್ಕಿ
ಬೋರ್ಡಿನ ಮೇಲೆ ಕೂರಿಸುವ ಯಂತ್ರ.
ಆಯುಧಪೂಜೆಗೆ ಅದಕ್ಕೆ ಎರಡು ಮಾರು ಸೇವಂತಿಗೆ,
ನನ್ನವಕ್ಕೆ ಒಂದೊಂದು ಕುಂಕುಮದ ಬೊಟ್ಟು.

ನನ್ನವು ಅಂದರೆ,
ಬೋರ್ಡನ್ನು ಒಂದೊಂದಾಗಿ ನೂಕಿಕೊಡುವ ಲೋಡರು,
ನಡುವಿನ ಗಿಡ್ಡ ಕನ್ವೇಯರು, ಅದರ ಸವೆದ ಬೆಲ್ಟು,
ಮುಂದಿನದು ತಡವಾದರೆ ಹಿಂದಿನದನ್ನು
ಮಡಿಲಲ್ಲಿಟ್ಟುಕೊಂಡು ಕಾಯುವ ಬಫರು,
ಬೆಸುಗೆಯ ಹೊಗೆ ಕುಡಿಯುವ ಕೊಳವೆ,
ಪೇಸ್ಟಿನ ಫ್ರಿಜ್ಜು. ಅದರಲ್ಲೊಮ್ಮೆ ಮೊಸರನ್ನ ಇಟ್ಟ
ಹೊಸ ಹುಡುಗ ಈಗಲೂ ನನ್ನ ಕಂಡರೆ ದಾರಿ ಬದಲಿಸುತ್ತಾನೆ.

ಮತ್ತೆ ಒಣ ಬೀರು.
ಹಪ್ಪಳ ಮೆತ್ತಗಾಗುವ, ಬೆಂಕಿಕಡ್ಡಿ ಮುನಿಸಿಕೊಳ್ಳುವ
ಆಷಾಢದಲ್ಲೂ ಅದರ ಮುಳ್ಳು ಐದರ ಮೇಲೆ ಏರಕೂಡದು.
ತೇವ ಕುಡಿದ ಚಿಪ್ಪು ಒಲೆಯ ಕಾವಿಗೆ
ಜೋಳದ ಅರಳಿನಂತೆ ಸಿಡಿಯುತ್ತದೆ.
ಹೊರಗೆ ಎಷ್ಟು ಇಂಚು ಬಿತ್ತೋ ನನಗೆ ಗೊತ್ತಿಲ್ಲ,
ಬೀರುವಿನೊಳಗಿನ ಹವೆ ಮಾತ್ರ ಬಾಯಿಪಾಠ.

ಅಪ್ಪ ಸಾಗರ ರಸ್ತೆಯ ಫೌಂಡ್ರಿಯಲ್ಲಿದ್ದ.
ಮರಳಿನ ಅಚ್ಚಿನೊಳಗೆ ಕೋರು ಅಲುಗದ ಹಾಗೆ
ಸಣ್ಣ ತಗಡಿನ ಕಾಲು ಊರುವ ಕೆಲಸ.
ಚಾಪ್ಲೆಟ್ ಅಂತ ಅದರ ಹೆಸರು, ಅಪ್ಪನ ಬಾಯಲ್ಲಿ ಚಪ್ಲೇಟು.
ಕಾದ ಕಬ್ಬಿಣ ನುಗ್ಗಿ ಬರುವವರೆಗೆ ಹೊತ್ತು ನಿಂತು
ಆಮೇಲೆ ಅದೂ ಕಬ್ಬಿಣದಲ್ಲೇ ಕರಗಿಹೋಗುವುದು.
'ನಿಂತದ್ದು ಕಾಣಬಾರದು ಕಣೇ,
ಕಂಡರೆ ಆ ಎರಕ ರಿಜೆಕ್ಟು.'

ಮೊನ್ನೆ ಮಂಗಳವಾರ ರಾತ್ರಿ ಪಾಳಿ.
ಪಂಪ್‌ಸೆಟ್ ಸ್ಟಾರ್ಟರಿನ ಬೋರ್ಡು, ನೂರಕ್ಕೆ ಹನ್ನೊಂದರಲ್ಲಿ
ಅದೇ ಮೂಲೆ, ಅದೇ ಕೆಪಾಸಿಟರು, ಕೂದಲಿನಂಥ ಬಿರುಕು.
ಐರಿನ್ ಡಿಸಾ ಭೂತಗನ್ನಡಿಯಿಂದ ತಲೆ ಎತ್ತದೆ
ಕೆಂಪು ಬಾಣ ಅಂಟಿಸುತ್ತಲೇ ಇದ್ದಳು.
ಪುಣೆಯ ಇಂಜಿನಿಯರು ಫೋನಿನಲ್ಲಿ:
ನಾಜಲ್ ಬದಲಿಸಿ. ಬದಲಿಸಿದರು.
ಕ್ಯಾಮೆರಾ ಒರೆಸಿ. ಒರೆಸಿದರು.
ಆಫ್ ಮಾಡಿ ಆನ್ ಮಾಡಿ.
ಎಲ್ಲರೂ ಮೇಲೆಯೇ ನೋಡುತ್ತಿದ್ದರು.

ನಾನು ಮಂಡಿಯೂರಿ ಟಾರ್ಚು ಬಿಟ್ಟೆ.
ಬೋರ್ಡಿನ ಹೊಟ್ಟೆಯಡಿ, ತಟ್ಟೆಯ ಮೇಲೆ
ಕಿರುಬೆರಳಿನಷ್ಟು ಎತ್ತರದ ಪಿನ್ನುಗಳು;
ತಲೆ ಇಳಿದು ಒತ್ತಿದಾಗ ಬೋರ್ಡು ಬಗ್ಗದ ಹಾಗೆ
ಕೆಳಗಿನಿಂದ ಆತುಕೊಳ್ಳುವವು.
ಹನ್ನೆರಡಿರಬೇಕು. ಎಣಿಸಿದೆ.
ಇನ್ನೊಮ್ಮೆ, ಬಲದಿಂದ ಎಡಕ್ಕೆ.
ಹನ್ನೊಂದು.

ಹನ್ನೆರಡನೆಯದು ಸಿಕ್ಕಿದ್ದು ಲಾಕರು ಕೋಣೆಯಲ್ಲಿ.
ಬುಡದ ಅಯಸ್ಕಾಂತ ಕಬ್ಬಿಣದ ಬಾಗಿಲಿಗೆ ಕಚ್ಚಿಕೊಂಡು
ಕೆರಿಯಪ್ಪನ ರಜೆಚೀಟಿಯನ್ನು ಬೀಳದಂತೆ ಹಿಡಿದಿತ್ತು:
'ಮಗಳಿಗೆ ಹೆಸರಿಡುವುದಿದೆ, ಎರಡು ದಿನ.'
ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು.
ಎಲ್ಲಿಟ್ಟರೂ ತನ್ನ ಕೆಲಸ ಬಿಡದ ವಸ್ತು.

ಚೀಟಿಗೆ ಒಲೆಯ ಹಳದಿ ಟೇಪು ಹಚ್ಚಿದೆ.
ಪಿನ್ನನ್ನು ಸೆರಗಿನಂಚಿನಲ್ಲಿ ಒರೆಸಿ
ಅದರ ಜಾಗದಲ್ಲಿ ಬಿಟ್ಟೆ. ಟಕ್.
ಮುಂದಿನ ಇನ್ನೂರು ಬೋರ್ಡಿಗೆ ಐರಿನ್
ಒಂದೇ ಒಂದು ಬಾಣ ಹಚ್ಚಿದಳು, ಅದೂ ಬೇರೆ ತಪ್ಪಿಗೆ.
ರಿಜಿಸ್ಟರಿನಲ್ಲಿ ಬರೆದೆ: ಕಾರಣ, ಆಸರೆ ಒಂದು ಕಡಿಮೆ.
ಯಾರಿಂದ ಎಂಬ ಖಾನೆ ಖಾಲಿ.

ಬೆಳಿಗ್ಗೆ ಮನೆಯಲ್ಲಿ ಅಪ್ಪನಿಗೆ ಹೇಳಿದೆ.
ಮಂಡಕ್ಕಿಗೆ ಒಗ್ಗರಣೆ ಕಲಸುತ್ತಿದ್ದವನು ಕೈ ನಿಲ್ಲಿಸಿ,
'ಕರಗಲ್ವಾ ಅದು?'
'ಇಲ್ಲಪ್ಪ. ಬೋರ್ಡು ಬದಲಾದಾಗ ಕಿತ್ತು,
ಎಣಿಸಿ, ಪೆಟ್ಟಿಗೆಗೆ ಹಾಕಿಡ್ತೀವಿ.'

ಅಪ್ಪ ಈರುಳ್ಳಿಯನ್ನು ಅತ್ತಿತ್ತ ಸರಿಸಿದ.
'ಎಣಿಸ್ತೀರಾ,' ಅಂದ.