ಕೊನೆಗೆ ರೆಕ್ಕೆ

ಮೊದಲು ಹೊಟ್ಟೆ. ಎರಡು ತ್ರಿಕೋನ ಬಟ್ಟೆ
ಒಳಮೈ ಹೊರಗೆ ಮಾಡಿ, ಅಂಚು ಹೊಲಿದು,
ಬಾಲದ ಬಳಿ ಎರಡು ಬೆರಳಗಲ ಬಿಟ್ಟು
ತಿರುವಿ ಎಳೆದರೆ, ಇಗೋ, ಹೇಂಟೆ:
ಇನ್ನೂ ಬೋಳು, ಇನ್ನೂ ಕುರುಡು.
ತುಂಬಲು ಅಕ್ರೋಡು ಸಿಪ್ಪೆಯ ಪುಡಿ.
ಚುಚ್ಚಿಟ್ಟ ಸೂಜಿ ತುಕ್ಕು ಹಿಡಿಯದು ಅದರಲ್ಲಿ
ಅಂದವಳು ನಮ್ಮಮ್ಮ. ನಿಜವೋ ಸುಳ್ಳೋ.

ಇಪ್ಪತ್ತಾರು ವರ್ಷ ನಾನು ಕೋಳಿ ಬಿಚ್ಚಿದವಳು.
ಹೆದ್ದಾರಿಯಂಚಿನ ಕಿಟಕಿಯಿಲ್ಲದ ಕಟ್ಟಡ;
ನಮ್ಮ ಅರ್ಕನ್ಸಾದ ಈ ಮೂಲೆಯಲ್ಲಿ
ದಾರಿ ಕೇಳಬೇಕಿಲ್ಲ, ಮೂಗು ಸಾಕು.
ಅಲ್ಲಿ ಕೋಳಿ ಕೂಗದೆಯೇ ಬೆಳಗಾಗುತ್ತಿತ್ತು.
ಐದಕ್ಕೆ ಸೈರನ್ನು, ಐದೂ ಹತ್ತಕ್ಕೆ ಚಾಕು.
ಕೊಂಡಿಗೆ ತಲೆಕೆಳಗಾಗಿ ಬರುತ್ತಿದ್ದವು ಒಂದರ ಹಿಂದೊಂದು
(ತಲೆಯೇ ಇಲ್ಲದ್ದಕ್ಕೆ ತಲೆಕೆಳಗೆಲ್ಲಿಯದು).
ನನ್ನ ಪಾಲು ಎಡರೆಕ್ಕೆ.
ಬಲರೆಕ್ಕೆ ಎದುರು ನಿಂತ ಎಡೆಲ್ಮಿರಳದು.
ಕೀಲೆಲ್ಲಿ ಎಂದು ಕಣ್ಣು ಹುಡುಕುವ ಮೊದಲೇ
ಬೆರಳಿಗೆ ಸಿಕ್ಕಿರುತ್ತಿತ್ತು.
ನಿಮಿಷಕ್ಕೆ ಮೂವತ್ತು. ಹಬ್ಬದ ವಾರ ಮೂವತ್ತೆರಡು.
ಒಟ್ಟು ಎಷ್ಟೆಂದು ಲೆಕ್ಕ ಹಾಕಬೇಡ ಅಂದಿದ್ದಳು ಅವಳು.
ಹಾಕಲಿಲ್ಲ.

ಮುಂಗೈ ನರಕ್ಕೆ ಎರಡು ಸಲ ಕತ್ತರಿ ಬಿತ್ತು.
ಡಾಕ್ಟರು ಹಾಕಿದ ಹೊಲಿಗೆ ನೋಡಿ ನಾನೇ ಹೇಳಿದೆ:
ದೂರ ದೂರ ಬಿದ್ದಿದೆಯಪ್ಪಾ,
ನಮ್ಮಮ್ಮನಾಗಿದ್ದರೆ ಬಿಚ್ಚಿಸುತ್ತಿದ್ದಳು.
ಆಮೇಲೆ ಒಂದು ಕಾಗದ, ಒಂದು ಗೋಡೆ ಗಡಿಯಾರ,
ಹೋಗಿಬನ್ನಿ.

ಈಗ ಊಟದ ಮೇಜೇ ನನ್ನ ಲೈನು.
ಹಸಿರು ಚೌಕಳಿ ಅಂಗಿಯನ್ನು ಮೂರು ದಿನದಿಂದ
ಹುಡುಕುತ್ತಿದ್ದಾನೆ ನನ್ನ ಗಂಡ ಡ್ವೇನ್.
ಅದು ಫ್ರಿಜ್ಜಿನ ಮೇಲೆ ಮೂರು ಹೇಂಟೆಯಾಗಿ ಕೂತು
ಅವನನ್ನೇ ನೋಡುತ್ತಿದೆ.
ಬಿಸಿ ಪಾತ್ರೆ ಹಿಡಿಯಲು ಒಂದು ಕೋಳಿ,
ಗಾಳಿಗೆ ಬಡಿಯುವ ಬಾಗಿಲಿಗೆ ಮರಳು ತುಂಬಿದ ಹುಂಜ,
ಸೂಜಿ ಚುಚ್ಚಿಸಿಕೊಂಡೂ ಸುಮ್ಮನಿರುವ ಪಿಳ್ಳೆ,
ಮತ್ತೆ ಈ ಕೌದಿ:
ಇಪ್ಪತ್ತು ಚೌಕ, ಚೌಕಕ್ಕೊಂದು ಕೋಳಿ.

ಭಾನುವಾರ ಚರ್ಚು ಮುಗಿಸಿ ಬರುತ್ತಾರೆ ಅವರೂ.
ಎಡೆಲ್ಮಿರ ತಂದದ್ದು ಮಗಳ ಹಳದಿ ಲಂಗದ ನೆರಿಗೆ.
ಲಿಜೋನ್ ತಂದದ್ದು ಅವಳ ದ್ವೀಪದ ಕಡೆಯ ಹೂಬಟ್ಟೆ,
ಒಂದೊಂದು ಹೂವೂ ಕೋಳಿಗಿಂತ ದೊಡ್ಡದು.
ಕತ್ತರಿಸಲು ಮನಸ್ಸಾಗದೆ ಇಡೀ ಹೂವನ್ನೇ
ಬಾಲ ಮಾಡಿದೆವು.
ಆ ಕೋಳಿಗೆ ಈಗ ನಡೆಯಲು ಬರುವುದಿಲ್ಲ,
ಮೆರೆಯಲು ಬರುತ್ತದೆ.
ಕಾರ್ಖಾನೆಯ ಮಾತು ಯಾರೂ ಎತ್ತುವುದಿಲ್ಲ.
ಸುಮ್ಮನೆ ಮಡಿಲಲ್ಲಿಟ್ಟ ಕೈ ಮಾತ್ರ
ಒಮ್ಮೊಮ್ಮೆ ತಂತಾನೇ ಅಲುಗುತ್ತದೆ,
ನನ್ನದು ಎಡಕ್ಕೆ, ಅವಳದು ಬಲಕ್ಕೆ.

ಹ್ಯಾಡ್ಲಿಗೆ ಆರು ವರ್ಷ. ಮೊಮ್ಮಗಳು.
"ಅಜ್ಜೀ, ರೆಕ್ಕೆ ಯಾಕೆ ಕೊನೆಗೆ?"
ಮೊದಲೇ ಹಾಕಿದರೆ ಹಾರಿಹೋಗುತ್ತಲ್ಲೇ, ಅಂದೆ.
"ಕೋಳಿ ಅಷ್ಟು ಹಾರಲ್ಲ," ಅಂದಳು,
ಗುಂಡಿಗಳ ಡಬ್ಬಿಯಿಂದ ತಲೆಯೆತ್ತದೆ.

ನಿನ್ನೆ ಮಧ್ಯಾಹ್ನ, ಹರಿದ ಜಾಲರಿ ಬಾಗಿಲಿಂದ
ಹಿತ್ತಲ ಕೆಂಪು ಹೇಂಟೆ ಒಳಗೆ ಬಂತು.
ನೆಲಕ್ಕೆ ಹಾಸಿದ ಕೌದಿಯ ಸುತ್ತ
ಮನೆ ನೋಡಲು ಬಂದ ಬೀಗತಿಯ ಹಾಗೆ ಒಂದು ಸುತ್ತು ಹಾಕಿ,
ಒಂಬತ್ತನೆಯ ಚೌಕದವಳ ಗುಂಡಿಗಣ್ಣನ್ನು
ಕುಕ್ಕಿ, ಕಿತ್ತು, ನುಂಗಿ,
ಹತ್ತಿಯನ್ನಷ್ಟು ಕೆದರಿ
ಕಾವಿಗೆ ಕೂತಿತು.

ಡ್ವೇನ್ ಪೊರಕೆ ಹಿಡಿದು ಬಂದ. ಬೇಡ ಅಂದೆ.
ಬಗ್ಗಿ, ಎಡರೆಕ್ಕೆಯ ಅಡಿಗೆ ಕೈ ತೂರಿಸಿದೆ.
ಅಲ್ಲೇ ಇತ್ತು ಕೀಲು. ಬೆರಳು ಮರೆತಿರಲಿಲ್ಲ.
ಬೆಚ್ಚಗಿತ್ತು.
ಇಷ್ಟು ವರ್ಷ ಅದನ್ನು ನಾನು
ತಣ್ಣಗೆ ಮಾತ್ರ ಮುಟ್ಟಿದ್ದೆ.

ಕತ್ತು ತಿರುಗಿಸಿ ಕುಕ್ಕಿತು, ಸರಿಯಾಗೇ.
ಆಯಿತಮ್ಮಾ ಅಂದೆ, ಕೈ ತೆಗೆದೆ.
ಎರಡು ತೂತಿನ ಕಪ್ಪು ಗುಂಡಿ
ಇನ್ನೊಂದು ಇದೆಯೇನೇ ಹ್ಯಾಡ್ಲಿ, ಡಬ್ಬಿಯಲ್ಲಿ?