ಸೊನ್ನೆಯ ತುದಿ

ಟೇಪಿನ ಆ ತುದಿ ಇಂಜಿನಿಯರದು, ಅಂಕಿ ಓದುವ ತುದಿ.
ಈ ತುದಿ ನನ್ನದು. ಸೊನ್ನೆ.
ಹೆಬ್ಬೆರಳಲ್ಲಿ ಅದನ್ನು ನೆಲಕ್ಕೊತ್ತಿ ಕೂತರೆ ಮುಗಿಯಿತು,
ಇಪ್ಪತ್ತೆರಡು ವರ್ಷ ಯಾರೂ ನನ್ನನ್ನು
ಎಷ್ಟಾಯಿತು ಎಂದು ಕೇಳಿದ್ದಿಲ್ಲ.

ಅಮದಳ್ಳಿಯಲ್ಲಿ ಹೆದ್ದಾರಿ ದಾಟಿ ಕಡಲ ಕಡೆಗೆ
ಮೂರೆಕರೆ ಹದಿನಾಲ್ಕು ಗುಂಟೆ ಬೇಣ.
ಕೆಂಪು ಬಾವುಟ ನೆಟ್ಟಾಗಿದೆ, ನಲವತ್ತೊಂದು ಸೈಟು,
ಗೇಟು ಬರುವ ಮೊದಲೇ ಗೇಟಿನ ಹೆಸರು ಬಂದಿದೆ.
ನಡುವೆ ಐದು ಸುರಹೊನ್ನೆ.
ನಾಲ್ಕು ಒಟ್ಟಿಗೆ, ಒಂದೇ ಬಸಿರಿನವು ಎನ್ನುವ ಹಾಗೆ.
ಐದನೆಯದು ಮೂಡಲಿಗೆ, ತುಸು ದೂರ,
ಜಗಳವಾಡಿ ಬೇರೆ ಒಲೆ ಹೂಡಿದ ತಮ್ಮನಂತೆ.

ಪಂಚಾಯತಿಯ ಠರಾವು ಹೇಳುತ್ತದೆ:
ಒಂಟಿ ಮರಕ್ಕೆ ಅರ್ಜಿ ಸಾಕು, ಶುಲ್ಕ ಸಾಕು.
ಗುಂಪಾದರೆ ಮುಟ್ಟುವಂತಿಲ್ಲ,
ಬುಡದಿಂದ ಮೂರು ಮಾರು ಗುದ್ದಲಿ ಹಾಕುವಂತಿಲ್ಲ,
ಮಣ್ಣು ಏರಿಸುವಂತಿಲ್ಲ, ಜಲ್ಲಿ ಸುರಿಯುವಂತಿಲ್ಲ.
ಗುಂಪು ಎಂದರೆ ಐದು, ಅಥವಾ ಐದಕ್ಕೆ ಮೇಲು,
ಒಂದರ ನೆರಳು ಇನ್ನೊಂದರ ಬುಡಕ್ಕೆ ತಾಗುವಷ್ಟು ಹತ್ತಿರ.

ಇಂಜಿನಿಯರು ಬಂದದ್ದು ಹನ್ನೆರಡೂವರೆಗೆ.
ಯಾರು ಹೇಳಿ ಬರಿಸಿದರೋ.
ಮೇ ತಿಂಗಳ ಸೂರ್ಯ, ನೆತ್ತಿಗೆ ಸರಿಯಾಗಿ.
ಮರಗಳು ತಂತಮ್ಮ ನೆರಳು ಮಡಿಸಿ
ಕಾಲಡಿ ಇಟ್ಟುಕೊಂಡಿದ್ದವು.
ನಾಲ್ಕಕ್ಕೂ ಐದಕ್ಕೂ ನಡುವೆ ಮೂವತ್ತು ಅಡಿ ಬಿಸಿಲು.
ಕಾರಿನ ಗಾಜು ಅರ್ಧ ಇಳಿಸಿ ಲೇಔಟಿನ ವಿಲಾಸರಾಯರು,
"ನಾಲ್ಕು, ಮತ್ತೆ ಒಂದು. ಬರೆಯಿರಿ."

ಆಗ ಚಂದ್ರಭಾಗಿ ಹರಿಕಂತ್ರ.
ಮೀನು ಮಾರಿ ಬಂದವಳು, ಖಾಲಿ ಬುಟ್ಟಿ ಬೋರಲು ಹಾಕಿ
ಅದರ ಮೇಲೆ ಕೂತವಳು, ಹಿಂದಿನ ಸಲದ ಮೆಂಬರು.
"ಠರಾವಿಗೆ ಕೈ ಎತ್ತಿದವ್ರಲ್ಲಿ ನಾನೂ ಒಬ್ಳು.
ನೆರಳು ತಾಗ್ಬೇಕು ಅಂತ ಇದೆ. ಎಷ್ಟು ಗಂಟೆಗೆ ಅಂತ ಇಲ್ಲ.
ಹೊತ್ತು ಇಳೀಲಿ. ಎಂತ ಅವಸರ?"

ಇಂಜಿನಿಯರು ಹಾಳೆ ತಿರುವಿದರು. ಇಲ್ಲ. ಗಂಟೆ ಇಲ್ಲ.
ಕೂತೆವು.

ನೆರಳಿಗೆ ಕಾಯುವುದೂ ಸರಕಾರಿ ಕೆಲಸವೆಂದು ಅಂದೇ ಗೊತ್ತಾದದ್ದು.
ಒಂದೂವರೆಗೆ ಅದು ಎದ್ದು ಮೈಮುರಿಯಿತು.
ಆಮೇಲೆ ಬಿದ್ದ ಹೊನ್ನೆಕಾಯಿಗಳನ್ನು ಒಂದೊಂದಾಗಿ ದಾಟಿತು.
ಚಂದ್ರಭಾಗಿ ಅವನ್ನೇ ಆಯ್ದು ಮಡಿಲಿಗೆ ಹಾಕುತ್ತ
ಈ ಎಣ್ಣೆ ಸವರಿದ ದೋಣಿಗೆ ಹುಳ ಹಿಡಿಯುವುದಿಲ್ಲವೆಂದಳು,
ಮಸುಕಿನಲ್ಲಿ ಅಳಿವೆ ಹುಡುಕುವಾಗ ತನ್ನ ಗಂಡ
ಈ ಮರಗಳನ್ನು ಎಂದೂ ಎಣಿಸಿದವನಲ್ಲವೆಂದಳು.
"ಕಡಲಿಂದ ನೋಡಿದ್ರೆ ಅದು ಒಂದೇ. ಒಂದು ಕಪ್ಪು ಮಚ್ಚೆ."

ನಾಲ್ಕಕ್ಕೆ ಉಳಿದದ್ದು ಒಂದು ಗೇಣು.
ಆಗಲೇ ಬರಬೇಕೇ ಮೋಡ.
ನೆರಳು ಇದ್ದಲ್ಲೇ ಕರಗಿತು, ನೀರಿಗೆ ಬಿದ್ದ ಬೆಲ್ಲ.
ವಿಲಾಸರಾಯರು ನಕ್ಕು ಮೇಲೆ ನೋಡಿದರು,
ಇಂಜಿನಿಯರು ಮೇಲೆ ನೋಡಿದರು, ಚಂದ್ರಭಾಗಿಯೂ.
ಎಲ್ಲರೂ ಆಕಾಶದಲ್ಲಿದ್ದಾಗ ನೆಲದಲ್ಲಿದ್ದವನು ನಾನೊಬ್ಬ,
ಐದನೆಯದರ ಬುಡಕ್ಕೆ ಸೊನ್ನೆಯನ್ನು ಒತ್ತಿಕೊಂಡು.

ಚಣಹೊತ್ತು ಬಿಸಿಲು ಹರಿಯಿತು.
ಹೆಬ್ಬೆರಳ ಉಗುರಿನ ಮೇಲೆ ಏನೋ ಆಡಿತು,
ಎಲೆಯೋ, ಮೋಡದ ಅಂಚೋ, ಹಾದುಹೋದ ಗರುಡನೋ,
ಇವತ್ತಿಗೂ ಆಣೆ ಮಾಡಿ ಹೇಳಲಾರೆ.
ಬೆರಳು ತಣ್ಣಗಾದದ್ದು ನಿಜ.

"ತಾಗಿತು," ಎಂದೆ.

ನನಗೂ ಬಾಯಿದೆಯೆಂದು ಅಂದೇ ಕಂಡವರಂತೆ
ಇಂಜಿನಿಯರು ತಿರುಗಿದರು. "ಖಾತ್ರಿಯಾ, ಪಟಗಾರ?"
"ತಾಗಿತು ಸರ್."
ಬರೆದರು: ಗುಂಪು, ಒಂದು.

ನಕ್ಷೆಯಿಂದ ಏಳು ಸೈಟು ಹೋದವು.
ಮುಂದಿನ ಸಭೆಗೆ ತಿದ್ದುಪಡಿ ಬರುತ್ತದಂತೆ,
ನೆರಳು ಎಂದರೆ ನಡುಮಧ್ಯಾಹ್ನದ ನೆರಳು ಎಂದು.
ಚಂದ್ರಭಾಗಿ ಆ ದಿನ ಮೀನಿಗೆ ಹೋಗುವುದಿಲ್ಲವಂತೆ.

ಆ ದಾರಿಯಲ್ಲಿ ಹೋದಾಗಲೆಲ್ಲ ಸೈಕಲ್ಲಿಳಿದು
ನಾಲ್ಕು ಗಂಟೆಯವರೆಗೆ ನಿಲ್ಲುತ್ತೇನೆ,
ಅಂದು ಆಡಿದ್ದು ಸುಳ್ಳಾಗಿದ್ದರೆ
ಇಂದಾದರೂ ನಿಜವಾಗಲೆಂದು.
ಮಳೆಗಾಲ ಹಿಡಿದಿದೆ. ಯಾವ ಮರಕ್ಕೂ ನೆರಳಿಲ್ಲ.
ಮರಗಳಿವೆ.